ಕತ್ತಿಯಿದೆ, ಸಂಬಳವಿಲ್ಲ

ಜಪಾನಿನ ಕತ್ತಿವರಸೆ ಧಾರಾವಾಹಿ ನೋಡುವವರು ಸಾಮಾನ್ಯವಾಗಿ ಕೊನೆಯ ಹತ್ತು ನಿಮಿಷಕ್ಕೆ ಕಾಯುತ್ತಾರೆ. ನನಗೆ ಮೊದಲ ಹತ್ತು ನಿಮಿಷವೇ ಮುಖ್ಯ. ನಾಯಕನಿಗೆ ಹಸಿವಾಗಿದೆಯೇ? ಊಟದಂಗಡಿಯಲ್ಲಿ ಕೊಡಲು ಅವನ ಹತ್ತಿರ ಕಾಸಿದೆಯೇ? ಒಡೆಯನಿಲ್ಲದ ಸಮುರಾಯಿಗೆ, ಅಂದರೆ ರೋನಿನ್‌ಗೆ, ಕತ್ತಿ ಹೇಗೂ ಇದ್ದೇ ಇದೆ. ಸಂಬಳ ಇಲ್ಲ ಎನ್ನುವುದೇ ಕಥೆ. ಇದನ್ನು ಮರೆತ ಧಾರಾವಾಹಿ ಬರೀ ಕುಣಿತ.

ಇವರು ಎಲ್ಲಿಂದ ಬಂದರು? 1600ರ ಸೆಕಿಗಹಾರ ಯುದ್ಧದಲ್ಲಿ ಮತ್ತು 1615ರಲ್ಲಿ ಒಸಾಕಾ ಕೋಟೆ ಬಿದ್ದಾಗ ಸೋತ ಪಕ್ಷದ ಯೋಧರು ಬೀದಿಗೆ ಬಿದ್ದರು. ಆಮೇಲೆ ಯುದ್ಧ ನಿಂತರೂ ಇವರ ಸಂತತಿ ನಿಲ್ಲಲಿಲ್ಲ. ಮಕ್ಕಳಿಲ್ಲದ ಸಾಮಂತ ಸಾಯುವ ಹೊತ್ತಿಗೆ ದತ್ತು ತೆಗೆದುಕೊಳ್ಳುವಂತಿರಲಿಲ್ಲ. ಅವನ ಸೀಮೆ ತೊಕುಗಾವಾ ಸರ್ಕಾರದ ಪಾಲು, ಅವನನ್ನು ನಂಬಿದವರು ನಿರುದ್ಯೋಗಿಗಳು. 1651ರಲ್ಲಿ ಯುಯಿ ಶೋಸೆತ್ಸು ಎಂಬಾತ ಇಂಥವರನ್ನು ಕೂಡಿಸಿಕೊಂಡು ದಂಗೆಗೆ ಹೂಡಿದ ಸಂಚು ಬಯಲಾದ ಮೇಲಷ್ಟೇ ಸರ್ಕಾರ ದತ್ತಿನ ನಿಯಮವನ್ನು ಸಡಿಲಿಸಿತು. ಹೊಟ್ಟೆಗಿಲ್ಲದ ಕತ್ತಿಗಾರ ಎಷ್ಟು ಅಪಾಯದವನು ಎಂದು ಆಳುವವರಿಗೆ ಕಥೆಗಾರರಿಗಿಂತ ಮೊದಲೇ ಗೊತ್ತಾಗಿತ್ತು.

ಈ ಪ್ರಕಾರದಲ್ಲಿ ನನ್ನ ಮೊದಲ ಮಣೆ 1963ರಲ್ಲಿ ಫುಜಿ ಟೆಲಿವಿಷನ್‌ನಲ್ಲಿ ಶುರುವಾದ ‘ಸಾನ್‌ಬಿಕಿ ನೋ ಸಮುರಾಯ್’ಗೆ. ಮೂವರು ರೋನಿನ್‌ಗಳು ಊರೂರು ಅಲೆಯುತ್ತ ಅನ್ಯಾಯಕ್ಕೆ ಅಡ್ಡ ನಿಲ್ಲುವ ಕಥೆ. ನಿರ್ದೇಶಕ ಹಿದೆಯೋ ಗೋಶಾ ಅದನ್ನೇ 1964ರಲ್ಲಿ ಸಿನಿಮಾ ಮಾಡಿದ. ಅದು ಅವನ ಮೊದಲ ಚಿತ್ರ. ಹೊಸದಾಗಿ ನೋಡುವವರು ಇದರಿಂದಲೇ ಶುರು ಮಾಡಲಿ.

ಕಂದಾಯದ ಭಾರ ತಾಳದ ರೈತರು ಅಧಿಕಾರಿಯ ಮಗಳನ್ನು ಹೊತ್ತೊಯ್ದು ಗಿರಣಿಯಲ್ಲಿ ಕೂಡಿಹಾಕಿದ್ದಾರೆ. ದಾರಿಹೋಕ ಶಿಬಾ ಒಳಗೆ ಬರುತ್ತಾನೆ. ತೆತ್ಸುರೋ ತಂಬಾ ಈ ಪಾತ್ರವನ್ನು ಅರ್ಧ ಸೋಮಾರಿತನದಲ್ಲಿ, ಯಾವುದೂ ತನಗೆ ಸಂಬಂಧವಿಲ್ಲ ಎನ್ನುವ ಹಾಗೆ ಆಡುತ್ತಾನೆ. ಎರಡನೆಯವನು ಈಟಿಗಾರ ಸಾಕುರಾ. ಶಿಬಾನ ಮೇಲೆ ಛೂ ಬಿಡಲೆಂದೇ ಸೆರೆಯಿಂದ ಬಿಡಿಸಿ ತಂದ ಆಳು ಅವನು. ರೈತರ ಸ್ಥಿತಿ ನೋಡಿ ಪಕ್ಷ ಬದಲಿಸುತ್ತಾನೆ. ಇಸಾಮು ನಾಗಾತೋನ ಆ ಮಣ್ಣು ಮೆಟ್ಟಿದ ನಡಿಗೆಯನ್ನು ಗಮನಿಸಿ. ನನ್ನ ಕಣ್ಣು ಮಾತ್ರ ಮೂರನೆಯವನಾದ ಕಿಕ್ಯೋ ಮೇಲೆ. ಅಧಿಕಾರಿಯ ಮನೆಯಲ್ಲಿ ಬಿಟ್ಟಿ ಊಟ, ಮದ್ಯ, ಮೆತ್ತನೆಯ ಹಾಸಿಗೆ. ಅನ್ಯಾಯ ಅವನಿಗೂ ಕಾಣುತ್ತದೆ, ಆದರೆ ಏಳಲು ಮನಸ್ಸಿಲ್ಲ. ಮೂವರಲ್ಲಿ ಕೊನೆಗೆ ಎದ್ದು ಬರುವವನು ಅವನೇ. ಉಂಡ ಮನೆಯ ಋಣ ಎಂದು ನಾವು ಹೊಗಳುತ್ತೇವಲ್ಲ, ಮಿಕಿಜಿರೋ ಹಿರಾ ಅದರ ಹಳಸಿದ ಮಗ್ಗುಲನ್ನು ತಣ್ಣನೆಯ ಮುಖದಲ್ಲೇ ತೋರಿಸುತ್ತಾನೆ.

ರೈತರನ್ನು ಬಿಟ್ಟುಬಿಡುವುದಾದರೆ ನೂರು ಏಟು ತಿನ್ನುತ್ತೇನೆ ಎಂದು ಶಿಬಾ ಒಪ್ಪುತ್ತಾನೆ, ತಿನ್ನುತ್ತಾನೆ. ಅಧಿಕಾರಿ ಮಾತಿಗೆ ತಪ್ಪುತ್ತಾನೆ. ಅಷ್ಟೆಲ್ಲ ರಕ್ತ ಹರಿದ ಮೇಲೆ, ಸಾಮಂತನ ಮೆರವಣಿಗೆ ಎದುರಿಗೇ ಹಾದುಹೋಗುವಾಗ ಅರ್ಜಿ ಕೊಡಲು ಒಬ್ಬ ರೈತನೂ ತಲೆ ಎತ್ತುವುದಿಲ್ಲ. ಗೋಶಾ ನೋಡುಗನಿಗೆ ಕೊಡುವ ನಿಜವಾದ ಏಟು ಅದು.

ಮುಂದಿನ ದಶಕಗಳಲ್ಲಿ ಈ ಪ್ರಕಾರ ಮೈ ಸಡಿಲಿಸಿತು. 1987ರ ‘ಸಾನ್‌ಬಿಕಿ ಗಾ ಕಿರು’ ನೋಡಿ: ಬಣ್ಣ, ತಮಾಷೆ, ಪ್ರತಿ ಕಂತಿನಲ್ಲೂ ಒಬ್ಬ ಲಂಚಕೋರ ಅಧಿಕಾರಿ, ಅವನ ಬೆನ್ನಿಗೊಬ್ಬ ದಪ್ಪ ವರ್ತಕ. ಅದರಲ್ಲೂ ಒಂದು ರತ್ನವಿದೆ. ‘ಪರ್ಫೆಕ್ಟ್ ಡೇಸ್’ ಚಿತ್ರದ ಶೌಚಾಲಯ ಸ್ವಚ್ಛಗಾರನಾಗಿ 2023ರಲ್ಲಿ ಕಾನ್‌ನಲ್ಲಿ ಪ್ರಶಸ್ತಿ ಗೆದ್ದ ಕೋಜಿ ಯಾಕುಶೋ ಇಲ್ಲಿ ಸಾವಿರ ಕೊಕು ಸಂಬಳದ ನೌಕರಿಯ ಕನಸು ಕಾಣುವ ರೋನಿನ್. ಒಂದು ಕೊಕು ಎಂದರೆ ಹೆಚ್ಚುಕಡಿಮೆ ಒಂದೂವರೆ ಕ್ವಿಂಟಾಲ್ ಅಕ್ಕಿ, ಒಬ್ಬನ ವರ್ಷದ ಊಟ. ಸಾವಿರ ಜನರ ಅನ್ನವನ್ನು ಬಯಸುವವನು ಪ್ರತಿ ಕಂತಿನ ಕೊನೆಗೂ ಬರಿಗೈಯಲ್ಲಿ ಹೊರಡಬೇಕು. ಸಿಕ್ಕರೆ ಧಾರಾವಾಹಿ ಮುಗಿಯಿತಲ್ಲ!

ನಾನಿರುವ ಅಹಮದಾಬಾದಿನಲ್ಲಿ ಜಪಾನ್ ಎಂದರೆ ಬೇರೆಯೇ ಚಿತ್ರ. 2017ರ ಸೆಪ್ಟೆಂಬರಿನಲ್ಲಿ ಶಿಂಜೋ ಅಬೆ ಬಂದು ಸಾಬರಮತಿಯಲ್ಲಿ ಬುಲೆಟ್ ರೈಲಿನ ಅಡಿಗಲ್ಲು ಹಾಕಿದರು. 2021ರಲ್ಲಿ ಇಲ್ಲಿನ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಆವರಣದಲ್ಲಿ ಝೆನ್ ಉದ್ಯಾನ, ಕೈಝೆನ್ ಅಕಾಡೆಮಿ ಬಂದವು. ಶಿಸ್ತು, ಸಮಯ, ಕಂಪನಿನಿಷ್ಠೆಯ ಜಪಾನ್. ಗೋಶಾನ ಚಿತ್ರ ಬಂದ 1964ರಲ್ಲೇ ಅಲ್ಲಿ ಮೊದಲ ಶಿನ್‌ಕಾನ್‌ಸೆನ್ ಬುಲೆಟ್ ರೈಲು ಓಡಿತು. ಒಂದೇ ಕಂಪನಿಗೆ ಬಾಳು ಬರೆದುಕೊಟ್ಟ ಜನ ಆಗ ಯಾವ ಕಂಪನಿಗೂ ಸೇರದ ಮೂವರನ್ನು ನೋಡಲು ಟಿ.ವಿ. ಮುಂದೆ ಕೂರುತ್ತಿದ್ದರು.

ಗುಜರಾತಿಗೂ ತನ್ನದೇ ಕತ್ತಿಗಾರರಿದ್ದಾರೆ: ಆಳುವವರಿಗೆ ತಿರುಗಿಬಿದ್ದ ಸೌರಾಷ್ಟ್ರದ ಬಹಾರವಟಿಯಾಗಳು. ಝವೇರ್‌ಚಂದ್ ಮೇಘಾಣಿ ಊರೂರು ತಿರುಗಿ ಅವರ ಕಥೆಗಳನ್ನು ಕೂಡಿಹಾಕಿ ‘ಸೋರಠಿ ಬಹಾರವಟಿಯಾ’ ಬರೆದರು. ಜೂನಾಗಢ ಸಂಸ್ಥಾನಕ್ಕೆ ತಿರುಗಿಬಿದ್ದ ಕಾದು ಮಕರಾಣಿಯ ಮೇಲೆ 1960ರಲ್ಲಿ ಮನಹರ್ ರಸಕಪೂರ್ ಸಿನಿಮಾ ತೆಗೆದರು. ಆಯುಧ ಒಪ್ಪಿಸಿ ಎಂದದ್ದಕ್ಕೆ ಸಿಡಿದ ನಮ್ಮ ಹಲಗಲಿಯ ಬೇಡರ ಲಾವಣಿ ಕೇಳಿ ಬೆಳೆದವರಿಗೆ ಈ ಲೋಕ ಹೊಸದಲ್ಲ.

ಆದರೂ ಇವರನ್ನು ಗುಜರಾತಿನ ರೋನಿನ್‌ಗಳು ಎಂದುಬಿಡುವುದು ಅವಸರ. ಭಾವನಗರದ ವಿರುದ್ಧ ನಿಂತ ಜೋಗಿದಾಸ್ ಖುಮಾಣನಿಗೆ ಬೇಕಾದದ್ದು ಗಿರಾಸ್, ತನ್ನ ಮನೆತನದಿಂದ ಕಿತ್ತುಕೊಂಡ ಭೂಮಿ. ಅದಕ್ಕಾಗಿ ಅವನು ಊರು ದೋಚಿದ, ಹಾಗೆಯೇ ವೈರಿಯ ಮನೆಯ ಸಾವಿಗೆ ಮುಸುಕು ಹಾಕಿಕೊಂಡು ಹೋಗಿ ಅತ್ತ ಎನ್ನುತ್ತದೆ ಕಥೆ. ಎದುರಾಳಿ ಯಾರು ಎಂದು ಅವನಿಗೆ ಗೊತ್ತು, ಎದುರಾಳಿಗೂ ಇವನು ಗೊತ್ತು. ಶಿಬಾನಿಗೆ ಹಿಂದಕ್ಕೆ ಪಡೆಯುವಂಥದ್ದು ಏನೂ ಇಲ್ಲ, ರೈತರು ಅವನ ಬಂಧುಗಳಲ್ಲ. ಜೋಗಿದಾಸನ ಕಥೆ ನನ್ನನ್ನು ಹೆಚ್ಚು ಕಲಕುತ್ತದೆ, ಶಿಬಾನದು ಹೆಚ್ಚು ಕಾಡುತ್ತದೆ. ಗುಜರಾತಿ ಚಿತ್ರಗಳು ಜೋಗಿದಾಸನನ್ನು ಮತ್ತೆ ಮತ್ತೆ ತೆರೆಗೆ ತಂದಿವೆ. ಈಗ ಯಾರಾದರೂ ಅದನ್ನೇ ಕಪ್ಪುಬಿಳುಪಿನಲ್ಲಿ, ಗರ್ಬಾ ಸೇರಿಸದೆ, ಎಂಟು ಕಂತಿನಲ್ಲಿ ತೆಗೆದರೆ ನಾನು ಚಂದಾ ಕಟ್ಟಲು ಸಿದ್ಧ.