ಕಲಿಸುವವರ ಕಲಿಕೆ ಮತ್ತು ಅದರ ಅಳತೆಗೋಲು: ನಲಿ-ಕಲಿ ತರಬೇತಿಯನ್ನು ಕುರಿತ ಒಂದು ಜಾನಪದೀಯ ವಿವೇಚನೆ

'ತರಬೇತಿ' ಎಂಬುದು ಅರಬ್ಬಿ ಮೂಲದ ಪದ. ಪಾರಸಿಯ ದಾರಿಯಾಗಿ ಬಂದು ಕನ್ನಡದ ಆಡಳಿತ ಭಾಷೆಯಲ್ಲಿ ನೆಲೆನಿಂತ ಈ ಪದದ ಮೂಲಾರ್ಥ ಸಾಕಿ ಸಲಹಿ ಬೆಳೆಸುವುದು ಎಂದಾಗುತ್ತದೆ. ಮಗುವನ್ನೋ ಸಸಿಯನ್ನೋ ಬೆಳೆಸಲು ಬೇಕಾಗುವ ದೀರ್ಘಕಾಲದ ಆರೈಕೆ ಆ ಅರ್ಥದಲ್ಲಿ ಅಡಗಿದೆ. ಶಿಕ್ಷಣ ಇಲಾಖೆಯ ಕಡತಗಳಲ್ಲಾದರೋ ತರಬೇತಿ ಎಂದರೆ ಇಷ್ಟು ದಿನ, ಇಷ್ಟು ಶಿಬಿರಾರ್ಥಿಗಳು, ಇಷ್ಟು ತಂಡಗಳು ಎಂಬ ಲೆಕ್ಕ. ಪದವೊಂದು ತನ್ನ ಅರ್ಥವನ್ನು ಹೀಗೆ ಕಿರಿದುಗೊಳಿಸಿಕೊಂಡ ಪರಿಯಲ್ಲಿಯೇ ಶಿಕ್ಷಕರ ವೃತ್ತಿ ಬೆಳವಣಿಗೆಯ ಮೌಲ್ಯಮಾಪನಕ್ಕೆ ಸಂಬಂಧಿಸಿದ ಮುಖ್ಯ ತೊಡಕು ಇದೆ.

ಈ ಲೆಕ್ಕಕ್ಕೆ ಒಂದು ಚರಿತ್ರೆಯೂ ಉಂಟು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಹುಟ್ಟಿಕೊಂಡವು. 1990ರ ದಶಕದ ಮಧ್ಯಭಾಗದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಕರ್ನಾಟಕದಲ್ಲಿ ಮೊದಲಿಗೆ ಬೆಳಗಾವಿ, ಕೋಲಾರ, ಮಂಡ್ಯ ಮತ್ತು ರಾಯಚೂರು ಜಿಲ್ಲೆಗಳಿಗೆ ಬಂದಿತು. ಕ್ಷೇತ್ರ ಸಂಪನ್ಮೂಲ ಕೇಂದ್ರ, ಸಮೂಹ ಸಂಪನ್ಮೂಲ ಕೇಂದ್ರಗಳೆಂಬ ಹೊಸ ಮೆಟ್ಟಿಲುಗಳು ಏರ್ಪಟ್ಟವು. 2001ರಲ್ಲಿ ಆರಂಭವಾದ ಸರ್ವ ಶಿಕ್ಷಣ ಅಭಿಯಾನವು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 20 ದಿನಗಳ ಸೇವಾನಿರತ ತರಬೇತಿಯನ್ನು ಗೊತ್ತುಪಡಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ಎಂದಿತು. ದಿನವು ಗಂಟೆಯಾಯಿತು, ಅಳತೆಯ ಸ್ವರೂಪ ಮಾತ್ರ ಬದಲಾಗಲಿಲ್ಲ.

ತರಬೇತಿಯ ಪರಿಣಾಮವನ್ನು ಅಳೆಯುವ ಶಾಸ್ತ್ರವೇ ಇಲ್ಲವೆಂದಲ್ಲ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿಯೇ ನಾಲ್ಕು ಹಂತಗಳನ್ನು ಸೂಚಿಸಿದ್ದನು. ಶಿಬಿರಾರ್ಥಿಗೆ ಹಿಡಿಸಿತೇ, ಅವನು ಕಲಿತನೇ, ಕೆಲಸದ ಸ್ಥಳದಲ್ಲಿ ಅವನ ನಡೆ ಬದಲಾಯಿತೇ, ಅದರಿಂದ ಫಲ ದೊರೆಯಿತೇ ಎಂಬುವು ಆ ಹಂತಗಳು. ಕೈಗಾರಿಕಾ ತರಬೇತಿಗಾಗಿ ಹುಟ್ಟಿದ ಈ ಮಾದರಿಯನ್ನು ಶಾಲೆಗೆ ಹೊಂದಿಸುವಾಗ ಥಾಮಸ್ ಗಸ್ಕಿ 2000ದಲ್ಲಿ ಇನ್ನೊಂದು ಹಂತವನ್ನು ನಡುವೆ ಸೇರಿಸಿದನು. ಕಲಿತು ಮರಳಿದ ಶಿಕ್ಷಕನಿಗೆ ಅವನ ಸಂಸ್ಥೆ ಒತ್ತಾಸೆಯಾಗಿ ನಿಂತಿತೇ ಎಂಬ ಪ್ರಶ್ನೆ ಅದು. ನಮ್ಮ ಶಿಬಿರಗಳ ಸಮಾರೋಪದ ಮಧ್ಯಾಹ್ನ ಹಂಚಲಾಗುವ ಹಿಮ್ಮಾಹಿತಿ ನಮೂನೆಯು ಈ ಐದರಲ್ಲಿ ಮೊದಲನೆಯದನ್ನು ಮಾತ್ರ ಮುಟ್ಟುತ್ತದೆ. ಊಟದ ವ್ಯವಸ್ಥೆ, ಸಂಪನ್ಮೂಲ ವ್ಯಕ್ತಿಯ ಮಾತುಗಾರಿಕೆ, ಸಮಯಪಾಲನೆ ಇವುಗಳ ಮುಂದೆ ಬೀಳುವ 'ಉತ್ತಮ' ಎಂಬ ಗುರುತೇ ವರದಿಯಲ್ಲಿ ತರಬೇತಿಯ ಯಶಸ್ಸಾಗಿ ರೂಪಾಂತರಗೊಳ್ಳುತ್ತದೆ. ಬಸ್ಸಿನ ಸಮಯ ನೋಡಿಕೊಂಡು ತುಂಬಿಸಿದ ನಮೂನೆಯಿಂದ ಹೆಚ್ಚಿನದನ್ನು ನಿರೀಕ್ಷಿಸುವುದೂ ಸಾಧುವಲ್ಲ.

ಈ ಹಿನ್ನೆಲೆಯಲ್ಲಿ ನಲಿ-ಕಲಿಯ ಉದಾಹರಣೆ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. 1995ರಲ್ಲಿ ಯುನಿಸೆಫ್ ನೆರವಿನೊಡನೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಮೊಳೆಯಿತು. ಕಾಡಂಚಿನ, ಬುಡಕಟ್ಟು ಹಾಡಿಗಳ, ಅನೇಕ ಕಡೆ ಒಬ್ಬಿಬ್ಬರೇ ಶಿಕ್ಷಕರಿದ್ದ ಶಾಲೆಗಳ ಸೀಮೆ ಅದು. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಪದ್ಮನಾಭರಾವ್ ಮತ್ತು ರಮಾ ದಂಪತಿ ರೂಪಿಸಿದ್ದ ಬಹುವರ್ಗ ಬೋಧನೆಯ ಕ್ರಮವನ್ನು ಕಣ್ಣಾರೆ ಕಂಡುಬಂದರು. ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆಯುವುದು, ಕಾರ್ಡುಗಳನ್ನು ಕಲಿಕಾ ಏಣಿಯ ಮೇಲೆ ಮೈಲಿಗಲ್ಲುಗಳಾಗಿ ಜೋಡಿಸುವುದು, ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿಯನ್ನೇರುವುದು ಆ ಕ್ರಮದ ತಿರುಳು. ಕೋಟೆಯ ಶಿಕ್ಷಕರು ಅದನ್ನು ಹಾಗೆಯೇ ಎತ್ತಿ ತರಲಿಲ್ಲ. ಕನ್ನಡದ ಅಕ್ಷರಕ್ರಮಕ್ಕೆ, ತಮ್ಮ ಮಕ್ಕಳ ಮಾತಿಗೆ, ತಮ್ಮೂರಿನ ಹಾಡು ಒಗಟು ಆಟಗಳಿಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ಕುಳಿತು ಬರೆದರು. ಮಕ್ಕಳ ಕೈಗೆಟಕುವ ಎತ್ತರಕ್ಕೆ ಕಪ್ಪುಹಲಗೆ ಗೋಡೆಯ ಬುಡಕ್ಕಿಳಿಯಿತು. ಮಕ್ಕಳ ಚಿತ್ರಗಳನ್ನು ತೂಗುಹಾಕುವ ದಾರದ ಹಂದರಕ್ಕೆ 'ಚಪ್ಪರ' ಎಂಬ ಹೆಸರಾಯಿತು. ಮದುವೆಮನೆಯ ಪದವೊಂದು ತರಗತಿಯೊಳಕ್ಕೆ ನಡೆದುಬಂದದ್ದು ಸಣ್ಣ ಸಂಗತಿಯಲ್ಲ.

ಇಲ್ಲಿ ನಡೆದದ್ದು ತರಬೇತಿಯೋ ರಚನೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಕಾರ್ಡನ್ನು ಬರೆದ ಕೈಯೇ ಮರುದಿನ ಅದನ್ನು ಮಗುವಿನ ಮುಂದಿಡುತ್ತಿತ್ತು. ಮಗು ಎಡವಿದರೆ ಕಾರ್ಡು ಬದಲಾಗುತ್ತಿತ್ತು. ಮೌಲ್ಯಮಾಪನ ಬೇರೆಯಾಗಿ ಬರಬೇಕಾಗಿರಲಿಲ್ಲ. ಆದರೆ ಪ್ರಯೋಗವು ಕಾರ್ಯಕ್ರಮವಾಗಿ ಬೆಳೆದು, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ವಿಸ್ತರಿಸಿದಾಗ ಚಿತ್ರ ಬದಲಾಯಿತು. ಕಾರ್ಡುಗಳು ಅಚ್ಚಾಗಿ ಬಂದವು. ವಿಧಾನವನ್ನು ರಾಜ್ಯಮಟ್ಟದ ತಂಡ ಜಿಲ್ಲಾ ತಂಡಕ್ಕೂ, ಅದು ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳಿಗೂ, ಅವರು ಶಿಕ್ಷಕರಿಗೂ ದಾಟಿಸುವ ಮೆಟ್ಟಿಲು ಪದ್ಧತಿ ಅನಿವಾರ್ಯವಾಯಿತು. ಸಾವಿರಾರು ಶಾಲೆಗಳನ್ನು ಬೇರೆ ಹೇಗೆ ತಲುಪಬಹುದಿತ್ತು ಎಂದು ಕೇಳಿದರೆ ಸುಲಭದ ಉತ್ತರವಿಲ್ಲ ಎಂಬುದನ್ನು ಒಪ್ಪಲೇಬೇಕು. ವಿಸ್ತರಣೆಯನ್ನೇ ತಪ್ಪೆನ್ನುವ ವಾದ ಕೋಟೆಯ ಮಕ್ಕಳಿಗೆ ದಕ್ಕಿದ್ದು ಕೊಪ್ಪಳದ ಮಕ್ಕಳಿಗೆ ಬೇಡವೆಂದಂತೆ ಆಗುತ್ತದೆ.

ಬಾಯಿಂದ ಬಾಯಿಗೆ ಸಾಗುವ ಪಠ್ಯಕ್ಕೆ ಏನಾಗುತ್ತದೆ ಎಂಬುದು ಶಿಕ್ಷಣಶಾಸ್ತ್ರಕ್ಕಿಂತ ಜಾನಪದಕ್ಕೆ ಹೆಚ್ಚು ಪರಿಚಿತವಾದ ಪ್ರಶ್ನೆ. ಕೇಂಬ್ರಿಜ್‌ನ ಮನೋವಿಜ್ಞಾನಿ ಎಫ್. ಸಿ. ಬಾರ್ಟ್‌ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಒಬ್ಬ ಓದಿ ಬರೆದು, ಅವನು ಬರೆದದ್ದನ್ನು ಇನ್ನೊಬ್ಬ ಓದಿ ಬರೆದು, ಹೀಗೆ ಸರಪಳಿಯಾಗಿ ಮುಂದುವರಿಸಲಾಯಿತು. ಕೆಲವೇ ಕೈ ದಾಟುವಷ್ಟರಲ್ಲಿ ಕಥೆ ಕುಗ್ಗಿತು. ಅಪರಿಚಿತವಾದದ್ದೆಲ್ಲ ಉದುರಿಹೋಗಿ ಉಳಿದದ್ದು ಓದುಗನ ಪರಿಚಿತ ಲೋಕಕ್ಕೆ ಹೊಂದಿಕೊಂಡಿತು. ಮೂಲದ ತೋಡುದೋಣಿ ಬರಿಯ ದೋಣಿಯಾಯಿತು. ಮೆಟ್ಟಿಲು ತರಬೇತಿಯ ಗತಿಯೂ ಇದೇ. ವಿಧಾನದಲ್ಲಿ ಹೊಸದಾಗಿದ್ದದ್ದು, ಅಂದರೆ ಶಿಕ್ಷಕಿ ತರಗತಿಯ ನಡುವಿನಿಂದ ಪಕ್ಕಕ್ಕೆ ಸರಿದು ಮಕ್ಕಳು ಪರಸ್ಪರ ಕಲಿಯುವುದನ್ನು ನೋಡಬೇಕೆಂಬ ತತ್ತ್ವ, ಮೊದಲ ಮೆಟ್ಟಿಲುಗಳಲ್ಲಿಯೇ ಸವೆಯುತ್ತದೆ. ಪರಿಚಿತವಾದದ್ದು, ಅಂದರೆ ಸಾಮಗ್ರಿ ಜೋಡಿಸುವುದು, ನಮೂನೆ ತುಂಬುವುದು, ಗೋಡೆಗೆ ಪಟ ಅಂಟಿಸುವುದು, ಕೊನೆಯವರೆಗೂ ತಲುಪುತ್ತದೆ. ಏಣಿ ಗೋಡೆಯ ಮೇಲಿದ್ದು ಮಕ್ಕಳೆಲ್ಲ ಒಂದೇ ಮೆಟ್ಟಿಲಿನ ಮೇಲೆ ಕುಳಿತಿರುವ ತರಗತಿಯನ್ನು ವಿವರಿಸಲು ಶಿಕ್ಷಕರ ಸೋಮಾರಿತನದ ಆರೋಪಕ್ಕಿಂತ ಬಾರ್ಟ್‌ಲೆಟ್‌ನ ಸರಪಳಿ ಹೆಚ್ಚು ಸಮರ್ಥವಾಗಿದೆ.

ಹಾಗಿದ್ದರೆ ಜನಪದ ಕಥೆಗಳು ಶತಮಾನಗಳ ಕಾಲ ಉಳಿದುಬಂದುದು ಹೇಗೆ? ಈ ಪ್ರಶ್ನೆಗೆ ವಾಲ್ಟರ್ ಆಂಡರ್‌ಸನ್ 1923ರಷ್ಟು ಹಿಂದೆಯೇ ಉತ್ತರಿಸಿದ್ದನು. ರಾಜ ಒಡ್ಡಿದ ಬಿಡಿಸಲಾಗದ ಪ್ರಶ್ನೆಗಳಿಗೆ ಮಠಾಧಿಪತಿಯ ಬದಲು ಅವನ ವೇಷ ತೊಟ್ಟ ಸಾಮಾನ್ಯನೊಬ್ಬ ಉತ್ತರಿಸುವ ಕಥೆಯ ನೂರಾರು ಪಾಠಗಳನ್ನು ಹೋಲಿಸಿ ಅವನು ಕಂಡುಕೊಂಡದ್ದು 'ಸ್ವಯಂ ತಿದ್ದುಪಡಿ'ಯ ನಿಯಮವನ್ನು. (ಪದವಿಯುಳ್ಳವನಿಗಿಂತ ಕೆಲಸ ಮಾಡುವವನಿಗೆ ಹೆಚ್ಚು ತಿಳಿದಿರುತ್ತದೆ ಎನ್ನುವ ಆ ಕಥೆಯೂ ಇಲ್ಲಿನ ಚರ್ಚೆಗೆ ದೂರದ್ದಲ್ಲ.) ಕಥೆಗಾರ ಒಂದು ಕಥೆಯನ್ನು ಒಬ್ಬರಿಂದ ಒಮ್ಮೆ ಕೇಳಿರುವುದಿಲ್ಲ, ಹಲವರಿಂದ ಹಲವು ಬಾರಿ ಕೇಳಿರುತ್ತಾನೆ, ಒಬ್ಬರ ಮರೆವನ್ನು ಇನ್ನೊಬ್ಬರ ನೆನಪು ತುಂಬುತ್ತದೆ, ಕಥೆಗಾರ ತಪ್ಪಿದರೆ ಕೇಳುಗರೇ ತಡೆದು ತಿದ್ದುತ್ತಾರೆ. ಉಳಿವಿನ ಗುಟ್ಟು ಸರಪಳಿಯಲ್ಲಿಲ್ಲ, ಬಲೆಯಲ್ಲಿದೆ. ಈ ಬಲೆಗೆ ಶಿಕ್ಷಣ ವ್ಯವಸ್ಥೆಯಲ್ಲಿ ಹತ್ತಿರವಾದದ್ದು ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಒಂದೆಡೆ ಕುಳಿತು, ಈ ಕಾರ್ಡು ನಮ್ಮ ಮಕ್ಕಳಲ್ಲಿ ನಡೆಯಲಿಲ್ಲ, ನಿಮ್ಮಲ್ಲಿ ಹೇಗೆ ಎಂದು ಕೇಳಿಕೊಳ್ಳಬಹುದಾದ ತಾಣ ಅದು. ವಿಷಾದದ ಸಂಗತಿಯೆಂದರೆ ಈ ಸಭೆಗಳ ಬಹುಪಾಲು ಹೊತ್ತನ್ನು ಸುತ್ತೋಲೆಗಳ ವಾಚನ, ಅಂಕಿಅಂಶಗಳ ಸಂಗ್ರಹ ನುಂಗಿಬಿಡುತ್ತದೆ. ತರಬೇತಿ ಫಲಿಸಿತೇ ಎಂದು ಪರೀಕ್ಷಿಸಬೇಕಾದವರು ಮೊದಲು ನೋಡಬೇಕಾದದ್ದು ಶಿಬಿರದ ಹಾಜರಿಯನ್ನಲ್ಲ, ಈ ಸಭೆಯಲ್ಲಿ ಪಾಠದ ಮಾತು ಎಷ್ಟು ಹೊತ್ತು ನಡೆಯಿತು ಎಂಬುದನ್ನು.

ಹಾಡಿನ ವಿಷಯದಲ್ಲಿ ಈ ಸಮಸ್ಯೆ ಇನ್ನೂ ತೀಕ್ಷ್ಣವಾಗುತ್ತದೆ. ಅಚ್ಚಾದ ಕಾರ್ಡು ಹಾಡಿನ ಮಾತನ್ನು ಹೊರಬಲ್ಲದೇ ಹೊರತು ಮಟ್ಟನ್ನಲ್ಲ. ಮಟ್ಟು ತಿಳಿದವರು ಬರೆದ ಪದ್ಯ ಮಟ್ಟು ತಿಳಿಯದವರ ಕೈಸೇರಿದಾಗ ಗದ್ಯವಾಗಿ ಓದಿಸಿಕೊಳ್ಳುತ್ತದೆ. ಮೈಸೂರು ಸೀಮೆಯ ಅಳಗುಳಿಮಣೆ ಕರಾವಳಿಯಲ್ಲಿ ಚೆನ್ನೆಮಣೆ. ಮುದ್ದೆಯ ನಾಡಿನ ಮಗುವಿನ ಹಾಡು ರೊಟ್ಟಿಯ ನಾಡಿನ ಮಗುವಿಗೆ ತನ್ನದಾಗಬೇಕಾದರೆ ಶಿಕ್ಷಕಿ ಅದನ್ನು ಬದಲಿಸುವ ಧೈರ್ಯ ಮಾಡಬೇಕು. ಜಾನಪದದಲ್ಲಿ ಪಾಠಾಂತರ ಜೀವಂತಿಕೆಯ ಲಕ್ಷಣ. ತಪಾಸಣೆಯ ಭಾಷೆಯಲ್ಲಿ ಅದು ಲೋಪ. ಕಾರ್ಡಿನಲ್ಲಿದ್ದ ಹಾಡನ್ನು ಬಿಟ್ಟು ತನ್ನೂರಿನ ಹಾಡನ್ನು ಹೇಳಿಕೊಟ್ಟ ಶಿಕ್ಷಕಿಯನ್ನು ವಿಧಾನ ಪಾಲಿಸದವರ ಪಟ್ಟಿಗೆ ಸೇರಿಸುವ ಅಳತೆಗೋಲು, ನಲಿ-ಕಲಿಯನ್ನು ಕಟ್ಟಿದ ಮೊದಲ ಶಿಕ್ಷಕರನ್ನೂ ಅದೇ ಪಟ್ಟಿಗೆ ಸೇರಿಸುತ್ತಿತ್ತು.

ಸ್ವೀಡನ್ನಿನ ಜಾನಪದ ವಿದ್ವಾಂಸ ಸಿ. ಡಬ್ಲ್ಯು. ಫಾನ್ ಸಿಡೋ ಪರಂಪರೆಯ ವಾಹಕರನ್ನು ಸಕ್ರಿಯರು, ನಿಷ್ಕ್ರಿಯರು ಎಂದು ವಿಂಗಡಿಸಿದನು. ಕಥೆಯನ್ನು ಬಲ್ಲವರು ಊರಿನಲ್ಲಿ ಅನೇಕರು, ಹೇಳುವವರು ಕೆಲವರು. ಹೇಳದವರು ವ್ಯರ್ಥವಲ್ಲ, ಕೇಳಿ ಮೆಚ್ಚುವ, ತಪ್ಪನ್ನು ಗುರುತಿಸುವ ಅವರಿಂದಲೇ ಹೇಳುವವರು ಎಚ್ಚರದಲ್ಲಿರುತ್ತಾರೆ. ಸಂದರ್ಭ ಒದಗಿದಾಗ ನಿಷ್ಕ್ರಿಯ ವಾಹಕ ಸಕ್ರಿಯನಾಗುವುದೂ ಉಂಟು. ತರಬೇತಿಯ ಮರುತಿಂಗಳು ತರಗತಿಗೆ ಭೇಟಿಕೊಟ್ಟು, ಬದಲಾವಣೆ ಕಾಣದೆ, ಹಣ ವ್ಯರ್ಥವಾಯಿತೆಂದು ಬರೆಯುವ ವರದಿಗೆ ಈ ವ್ಯತ್ಯಾಸದ ಅರಿವಿಲ್ಲ. ಕಲಿತದ್ದನ್ನು ವರ್ಷಗಳ ಕಾಲ ಒಳಗಿಟ್ಟುಕೊಂಡು, ವರ್ಗಾವಣೆಯಾಗಿ ಹೊಸ ಶಾಲೆಗೆ ಹೋದ ಮೇಲೆ ಹೊರತೆಗೆಯುವ ಶಿಕ್ಷಕಿ ಯಾವ ಅಂಕಣದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಹಾಗೆಂದು ತಾಳ್ಮೆಯ ಹೆಸರಿನಲ್ಲಿ ಎಲ್ಲ ನಿಷ್ಕ್ರಿಯತೆಯನ್ನೂ ಮನ್ನಿಸಲಾಗದು. ಮೂರನೆಯ ತರಗತಿ ಮುಗಿಸಿಯೂ ಓದಲಾರದ ಮಗುವಿಗೆ ಆ ವರ್ಷಗಳು ಮರಳಿ ಬರುವುದಿಲ್ಲ.

ಹೆಗ್ಗಡದೇವನಕೋಟೆಯನ್ನೊಳಗೊಂಡ ಅದೇ ಸೀಮೆಯಲ್ಲಿ ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರಿದ್ದಾರೆ. ಅವರ ಕಲಿಕೆಗೆ ಶಿಬಿರವಿಲ್ಲ. ಹಿಮ್ಮೇಳದಲ್ಲಿ ನಿಂತು ಮುಖ್ಯ ಗಾಯಕನ ಸೊಲ್ಲಿಗೆ ಸೊಲ್ಲು ಸೇರಿಸುತ್ತ, ಇಡೀ ರಾತ್ರಿಗಳನ್ನು ಕಳೆಯುತ್ತ ಕಾವ್ಯ ಮೈಗೂಡುತ್ತದೆ. ತಂಬೂರಿ ಕೈಗೆ ಬರುವುದು ಆಮೇಲೆ. ಯುಗೊಸ್ಲಾವಿಯದ ಗಾಯಕರನ್ನು ಅಭ್ಯಸಿಸಿದ ಆಲ್ಬರ್ಟ್ ಲಾರ್ಡ್ 1960ರ ತನ್ನ ಗ್ರಂಥದಲ್ಲಿ ಗುರುತಿಸಿದ ಮೂರು ಘಟ್ಟಗಳು ಇದಕ್ಕೆ ಸಮೀಪವಾಗಿವೆ. ಮೊದಲು ಕೇಳುವುದು, ಆಮೇಲೆ ತಾನಾಗಿ ಹಾಡಲು ತೊಡಗುವುದು, ಕೊನೆಗೆ ಬಲ್ಲ ಕೇಳುಗರ ಮುಂದೆ ಒಂದು ಹಾಡನ್ನು ಪೂರ್ತಿ ಹಾಡಿ ನಿಲ್ಲುವುದು. ಸೇವಾನಿರತ ತರಬೇತಿಯು ಮೊದಲ ಘಟ್ಟವನ್ನು ಐದು ದಿನಕ್ಕೆ ಇಳಿಸಿ, ಎರಡನೆಯದನ್ನು ಒಂದು ಅಣಕು ಪಾಠಕ್ಕೆ ಮುಗಿಸಿ, ಮೂರನೆಯದನ್ನು ಕೈಬಿಟ್ಟಿದೆ. ಸಹೋದ್ಯೋಗಿಯೊಬ್ಬರು ತರಗತಿಯೊಳಗೆ ಜೊತೆನಿಂತು ನೆರವಾಗುವ ಕ್ರಮದ ಅಗತ್ಯವನ್ನು ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಿಂದಲೂ ಪ್ರತಿಪಾದಿಸಿದ್ದಾರೆ. ಹಿಮ್ಮೇಳದ ತತ್ತ್ವವೂ ಅದೇ.

ಗುರುಪರಂಪರೆಯನ್ನು ಆದರ್ಶವಾಗಿ ಎತ್ತಿಹಿಡಿಯುವಲ್ಲಿ ಎಚ್ಚರವೂ ಅಗತ್ಯ. ಅದು ಜಾತಿಗೆ, ಒಕ್ಕಲಿಗೆ, ಬಹುಮಟ್ಟಿಗೆ ಗಂಡಸರಿಗೆ ಮೀಸಲಾಗಿದ್ದ ಕಲಿಕೆ. ಎಲ್ಲ ಮಕ್ಕಳಿಗೂ ಶಿಕ್ಷಕರನ್ನು ಒದಗಿಸಬೇಕಾದ ಪ್ರಜಾಪ್ರಭುತ್ವ ಆ ವೇಗದಲ್ಲಿ ನಡೆಯಲಾರದು. 2019ರ ಆಗಸ್ಟ್‌ನಲ್ಲಿ ಸುಮಾರು 42 ಲಕ್ಷ ಶಿಕ್ಷಕರು ಮತ್ತು ಮುಖ್ಯಸ್ಥರನ್ನು ತಲುಪುವ ಗುರಿಯೊಡನೆ ಆರಂಭವಾದ ನಿಷ್ಠಾ ಕಾರ್ಯಕ್ರಮವು 2020ರಲ್ಲಿ, ಕೋವಿಡ್ ಕಾಲದಲ್ಲಿ, ದೀಕ್ಷಾ ಜಾಲವೇದಿಕೆಗೆ ಬಂದಾಗ ನಡುವಿನ ಮೆಟ್ಟಿಲುಗಳೇ ಇಲ್ಲವಾದವು. ಮೂಲ ಪಾಠ ಪ್ರತಿಯೊಬ್ಬರಿಗೂ ಕುಗ್ಗದೆ ತಲುಪಿತು ಎಂಬುದು ದೊಡ್ಡ ಲಾಭ. ಆದರೆ ಸರಪಳಿಯ ಜೊತೆಗೆ ಬಲೆಯೂ ಹೋಯಿತು. ಮೊಬೈಲಿನ ಮುಂದೆ ಒಬ್ಬರೇ ಕುಳಿತ ಶಿಕ್ಷಕಿಗೆ ತಡೆದು ತಿದ್ದುವ ಕೇಳುಗರಿಲ್ಲ. ಕೊನೆಯಲ್ಲಿ ದೊರೆಯುವ ಪ್ರಮಾಣಪತ್ರವು ಪಾಠ ಮುಗಿದುದಕ್ಕೆ ಸಾಕ್ಷಿ.

ನೀಲಗಾರ ಹಾಡುವಾಗ ಸಾಲು ತಪ್ಪಿದರೆ ಜಗಲಿಯ ಮೇಲಿನ ಮುದುಕಿ ಅಲ್ಲಿಯೇ ಹೇಳಿಬಿಡುತ್ತಾಳೆ. ಅವಳು ಕಾವ್ಯವನ್ನು ಬಾಲ್ಯದಿಂದ ಕೇಳಿದವಳು. ಹಾಡಿನ ಒಳ್ಳೆಯದು ಕೆಟ್ಟದ್ದು ಅವಳ ಬದುಕಿನ ವಿಷಯ. ನಲಿ-ಕಲಿ ತರಗತಿಯಲ್ಲಿ ಆ ಜಾಗದಲ್ಲಿರುವವರು ತಟ್ಟೆಯ ಸುತ್ತ ಕುಳಿತ ಮಕ್ಕಳು ಮತ್ತು ಸಂಜೆ ಅವರು ಮನೆಗೆ ಹೊತ್ತೊಯ್ಯುವ ಹಾಡನ್ನು ಕೇಳುವ ಅಜ್ಜಿಯರು. ತರಬೇತಿಯ ಹಿಮ್ಮಾಹಿತಿ ನಮೂನೆಯಲ್ಲಿ ಅವರಿಗಾಗಿ ಒಂದು ಅಂಕಣವನ್ನೂ ಬಿಟ್ಟಿಲ್ಲ.