ಕಾವೇರಿಯ ಕ್ಲಬ್ಬು, ಗೌಡರ ಪಂಚನಾಮೆ

ಹರಿಣಿ ನಾಗೇಂದ್ರ ಇಂಗ್ಲಿಷಿನಲ್ಲಿ ಬರೆದ ‘ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022) 1921ರ ಬೆಂಗಳೂರಿನ ಕಥೆ. ಹೊಸದಾಗಿ ಸಂಸಾರ ಹೂಡಿದ ಕಾವೇರಿ ಸೆಂಚುರಿ ಕ್ಲಬ್ಬಿನ ಔತಣಕ್ಕೆ ಹೋದ ರಾತ್ರಿಯೇ ಅಲ್ಲೊಂದು ಕೊಲೆಯಾಗುತ್ತದೆ. ಗಣಿತದ ಹುಚ್ಚಿನ, ಸೀರೆಯುಟ್ಟೇ ಈಜುವ ಈ ಹುಡುಗಿ ಪತ್ತೆಗೆ ಇಳಿಯುತ್ತಾಳೆ. ಗಂಡ ರಾಮು ಬೌರಿಂಗ್ ಆಸ್ಪತ್ರೆಯ ಡಾಕ್ಟರ್. ನೆರೆಮನೆಯ ಉಮಾ ಆಂಟಿ ಜೊತೆಗಾತಿ. ರಕ್ತ ಕಡಿಮೆ, ಊಟೋಪಚಾರ ಹೆಚ್ಚು.

ನಮ್ಮ ಪತ್ತೇದಾರಿ ಓದು ಬೇರೆ ಜಾಡಿನದು. ನಾಲ್ಕನೇ ಇಯತ್ತೆವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹಿಂದೆ ಓಡಿದವರು ನಾವು. ಅಲ್ಲಿ ಓಟ, ವೇಷ, ಬೇಟೆ. ಕಾವೇರಿಯ ದಾರಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಹಾಕಿಕೊಟ್ಟದ್ದು: ಚಹಾ ಕುಡಿಯುತ್ತ ಊರಿನ ಮಾತು ಕೇಳಿಸಿಕೊಳ್ಳುವುದು, ಯಾರ ಮಾತಿನಲ್ಲಿ ಎಳೆ ತಪ್ಪಿತೆಂದು ಗುರುತಿಟ್ಟುಕೊಳ್ಳುವುದು.

ಈ ಪರಂಪರೆಯ ನಿಜವಾದ ಬಲ ಒಳಮನೆ. ಸುಜಾತಾ ಮ್ಯಾಸ್ಸಿಯವರ ‘ದ ವಿಡೋಸ್ ಆಫ್ ಮಲಬಾರ್ ಹಿಲ್’ (2018) ಇದನ್ನು ಚೆನ್ನಾಗಿ ಬಲ್ಲದು. ಪರದೆಯಲ್ಲಿರುವ ಮೂವರು ವಿಧವೆಯರ ಆಸ್ತಿಯ ಪ್ರಶ್ನೆ. ಗಂಡಸು ವಕೀಲ ಒಳಗೆ ಕಾಲಿಡುವಂತಿಲ್ಲ, ವಕೀಲೆ ಪರ್ವೀನ್ ಮಿಸ್ತ್ರಿ ಇಡಬಲ್ಲಳು. ಆಕೆ ಹೆಣ್ಣಾಗಿರದಿದ್ದರೆ ಆ ಕಥೆ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಕಾವೇರಿಗೆ ಅಂಥ ಅನಿವಾರ್ಯತೆ ಕಡಿಮೆ. ಪರಿಸರ ವಿಜ್ಞಾನಿಯಾದ ನಾಗೇಂದ್ರ ಬೆಂಗಳೂರಿನ ಮರ, ಕೆರೆಗಳನ್ನು ಬರೆಯುವಾಗ ಇರುವ ಖಚಿತತೆ ಅಧಿಕಾರವನ್ನು ಬರೆಯುವಾಗ ಸಡಿಲಾಗುತ್ತದೆ. ಇನ್‌ಸ್ಪೆಕ್ಟರ್ ಇಸ್ಮಾಯಿಲ್ ಎಷ್ಟು ಸಜ್ಜನನೆಂದರೆ, ಅವನಿಗೆ ಹೇಳಿದರೆ ನ್ಯಾಯ ಸಿಕ್ಕಂತೆಯೇ. ಕಾವೇರಿ ಸರಣಿಯ ಮೂರನೆಯ ಪುಸ್ತಕದಲ್ಲಿ ಪ್ರಿನ್ಸ್ ಆಫ್ ವೇಲ್ಸ್‌ನ ಭೇಟಿಯ ಸುತ್ತ ರಾಜಕೀಯದ ಬಿಸಿ ಏರುತ್ತದೆ, ನಿಜ. ಆದರೂ ಮನೆಗೆ ಮರಳಿದಾಗ ಊಟ ತಣ್ಣಗಾಗಿರುವುದಿಲ್ಲ.

ಅದೇ 1921ನ್ನು ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿಗೆ ತಂದು ನೋಡಿ. ಇದು ಮೈಸೂರು ಸಂಸ್ಥಾನವಲ್ಲ, ಮುಂಬಯಿ ಇಲಾಖೆ. 1867ರ ಗ್ರಾಮ ಪೊಲೀಸ್ ಕಾಯ್ದೆಯಂತೆ ಹೆಣ ಸಿಕ್ಕರೆ ಪಂಚರನ್ನು ಕೂಡಿಸಬೇಕಾದವನು ಪೊಲೀಸ್ ಪಾಟೀಲ. ಈ ಸೀಮೆಯಲ್ಲಿ ಅವನು ಸಾಮಾನ್ಯವಾಗಿ ವಂಶಪಾರಂಪರ್ಯ ವತನದ ಗೌಡ. ಹೊಲ ಅವನದು, ಪಂಚನಾಮೆಯೂ ಅವನದು. ಇಸ್ಮಾಯಿಲ್ ಇಲ್ಲಿಲ್ಲ.

ಹಾಗೆಂದು ಪಾತ್ರಕ್ಕೆ ಬರವಿಲ್ಲ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ಹುಬ್ಬಳ್ಳಿಗೆ ಬಂದ ಉಮಾಬಾಯಿ ಕುಂದಾಪುರ ತಿಲಕ ಕನ್ಯಾಶಾಲೆ ನಡೆಸಿದರು. ಮನೆಮನೆಗೆ ಹೋಗಿ ಹೆಂಗಸರನ್ನು ಹೊರತಂದು 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಕಿಯರಾಗಿ ಕರೆದೊಯ್ದರು, ಯರವಡಾ ಜೈಲು ಕಂಡರು, 1942ರಲ್ಲಿ ಭೂಗತರಾದವರಿಗೆ ಆಶ್ರಯ ಕೊಟ್ಟರು. ಯಾರ ಮನೆಯಲ್ಲಿ ಏನು ನಡೆದಿದೆಯೆಂದು ಇಂಥವರಿಗಿಂತ ಚೆನ್ನಾಗಿ ಯಾವ ಫೌಜದಾರ ಬಲ್ಲ?

ಎರೆ ಹೊಲದಲ್ಲಿ ಸಾಲು ಹಿಡಿದು ಹತ್ತಿ ಬಿಡಿಸುವವರ ನಡುವಿನಿಂದಲೇ ಪತ್ತೇದಾರಳನ್ನು ಎತ್ತಿಕೊಳ್ಳಬಹುದು. ಬೆಣ್ಣೆಹಳ್ಳ ದಾಟಿ ಯಾರು ಬಂದರು, ಯಾರ ಧೋತರ ಒದ್ದೆಯಾಗಿತ್ತು, ಎಲ್ಲವೂ ಅವಳಿಗೆ ಗೊತ್ತು. ಆದರೆ ಕ್ಲಬ್ಬಿನ ಕಥೆಯಂತೆ ಕೊನೆಗೆ ಎಲ್ಲರನ್ನೂ ಕೂಡಿಸಿ ಕೊಲೆಗಾರನತ್ತ ಬೆರಳು ತೋರಿಸುವ ಅನುಕೂಲ ಅವಳಿಗಿಲ್ಲ; ತೋರಿಸಿದರೆ ನಾಳೆಯಿಂದ ಕೂಲಿಗೆ ಕರೆಯುವವರಿರುವುದಿಲ್ಲ. ಆ ಕಾದಂಬರಿಯನ್ನು ಬರೆಯುವವರು ಕೊನೆಯ ಅಧ್ಯಾಯಕ್ಕೆ ಬೇರೆಯೇ ಜಾಗ ಹುಡುಕಬೇಕು.