ಫರಸಿ ನೆಲದ ಸೌಷ್ಠವ

ಮೂರು ಸಹಸ್ರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಕುಶಲಕರ್ಮಿಗಳು ಹಿರೇಗುಡ್ಡದ ಡಾಲರೈಟ್ ಶಿಲೆಯನ್ನು ಒಡೆದು, ಬಂಡೆಗಳ ಮೇಲೆ ತಿಕ್ಕಿ ನುಣುಪುಗೊಳಿಸಿ, ಕೊಡಲಿಗಳನ್ನು ನಿರ್ಮಿಸಿದ, ಬಳ್ಳಾರಿಯ ಬಳಿಯ ಸಂಗನಕಲ್ಲಿನ ಸೀಮೆಯಲ್ಲಿ ಶಿಲೆಯ ಮರ್ಮವನ್ನರಿತ ಕೈಗೆ ಇಂದಿಗೂ ಮನ್ನಣೆ ಸಲ್ಲುವುದಾದರೆ, ಅದು ಶಹಾಬಾದಿ ಫರಸಿಯನ್ನು ಹಾಸುವ ಕೆಲಸಗಾರನಿಗೆ ಸಲ್ಲತಕ್ಕದ್ದು.

ಕಲಬುರಗಿ ಸೀಮೆಯ ಈ ಸುಣ್ಣಕಲ್ಲು ಭೂಗರ್ಭದಲ್ಲಿ ಪದರ ಪದರವಾಗಿ ನೆಲೆಗೊಂಡಿರುವುದರಿಂದ ಉಳಿಯ ಹದವಾದ ಪೆಟ್ಟಿಗೆ ಹಲಗೆಯಂತೆ ಸೀಳಿ ಬರುತ್ತದೆ. ಅದನ್ನು ಮೆಲ್ಲನೆ ತಟ್ಟಿ, ನಾದವು ತುಂಬಿ ಹೊಮ್ಮಿದರೆ ಗಟ್ಟಿಯೆಂದೂ, ದನಿ ಒಡೆದರೆ ಒಳಗೆ ಬಿರುಕಿದೆಯೆಂದೂ ನಿರ್ಣಯಿಸುವ ಆತನ ಶ್ರವಣಸೂಕ್ಷ್ಮತೆ ನಿಜಕ್ಕೂ ಶ್ಲಾಘ್ಯವಾದುದು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಬಳ್ಳಾರಿಯ ಎರೆಮಣ್ಣನ್ನು ನಂಬದೆ, ಅದನ್ನು ತೆಗೆಸಿ, ಗರಸು ತುಂಬಿ, ನೀರು ಹನಿಸಿ, ದಮ್ಮಸು ಹೊಡೆದು, ಗಾರೆಯ ಹಾಸಿನ ಮೇಲೆ ಕಲ್ಲನ್ನಿರಿಸಿ, ದಾರವೆಳೆದು, ರಸಮಟ್ಟ ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಜಾರನ್ನು ಬಚ್ಚಲ ಕಡೆಗೆ ಕೊಡುವಲ್ಲಿ ಆತನ ಕೌಶಲದ ಪರಾಕಾಷ್ಠೆಯಿದೆ. ಚೆಲ್ಲಿದ ನೀರು ಸಂದಿಯಲ್ಲಿ ನಿಲ್ಲದೆ ಹರಿದುಹೋಗುತ್ತದೆ. ವೈಶಾಖದ ಮಧ್ಯಾಹ್ನದಲ್ಲಿಯೂ ಅಂಗಾಲಿಗೆ ತಂಪಿನ ಸುಖವಾಗುತ್ತದೆ. ವರ್ಷಗಳು ಕಳೆದಂತೆ ಮನೆಮಂದಿಯ ನಡಿಗೆಯಿಂದಲೇ ಕಲ್ಲಿಗೆ ಸ್ನಿಗ್ಧ ಕಾಂತಿ ಬರುತ್ತದೆ. ನಿಂಬೆ, ಹುಣಸೆಗಳ ಹುಳಿ ಮತ್ತು ಆಸಿಡ್ಡುಗಳಿಂದ ಮಾತ್ರ ಅದನ್ನು ಕಾಪಾಡಬೇಕು.

ನೀರು ಹೀರದ ವಿನೈಲ್ ಹಲಗೆಗಳೂ ಈಗ ಮನೆಗಳಿಗೆ ಬರುತ್ತಿವೆ. ಅವುಗಳಿಗೂ ಬೇಕಾದುದು ತೇವವಿಲ್ಲದ, ಸಮತಟ್ಟಾದ ತಳವೇ. ಆದುದರಿಂದ ಮನೆ ಕಟ್ಟಿಸುವವರು ಹಾಸುವ ವಸ್ತುವಿನ ಬೆಲೆಯನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ಹಾಸುವವನ ಕೌಶಲವನ್ನೂ ವಿಚಾರಿಸಬೇಕು. ಅದಕ್ಕೆ ತಕ್ಕ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು.